ರಕ್ತ ಬರುವ ಜಾಗವನ್ನೇ ಉಜ್ಜಬೇಕು

ಪ್ರಶ್ನೆ: ನನಗೆ 41 ವರ್ಷ. ದಿನಕ್ಕೆ ಎರಡು ಬಾರಿ ಹಲ್ಲುಜ್ಜುತ್ತೇನೆ. ಆದರೂ ಎರಡು ವರ್ಷಗಳಿಂದ ಉಜ್ಜುವಾಗ ವಸಡಿನಿಂದ ರಕ್ತ ಬರುತ್ತಿದೆ. ರಕ್ತ ಬರುವ ಕಡೆ ಬ್ರಷ್ ಮುಟ್ಟಿಸುವುದನ್ನೇ ಬಿಟ್ಟಿದ್ದೇನೆ, ಬೆರಳಿನಲ್ಲಿ ಉಪ್ಪು ಹಚ್ಚಿ ತಿಕ್ಕುತ್ತೇನೆ. ದಂತವೈದ್ಯರು ಕ್ಲೀನಿಂಗ್ ಮಾಡಿಸಿ ಎಂದರು. ಆದರೆ ನಮ್ಮ ಅತ್ತೆಯವರಿಗೆ ಕ್ಲೀನಿಂಗ್ ಮಾಡಿಸಿದ ಮೇಲೆಯೇ ಹಲ್ಲುಗಳು ಅಲುಗಾಡಲು ಶುರುವಾಗಿ ನಾಲ್ಕು ಬಿದ್ದುಹೋದವು. ನನ್ನ ತವರು ಪಾವಗಡ ತಾಲ್ಲೂಕು. ತಾಯಿಯ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿವೆ, ನೀರಿನಲ್ಲಿರುವ ಫ್ಲೋರೈಡ್ ಕಾರಣ ಎನ್ನುತ್ತಾರೆ. ಆ ಭಯಕ್ಕೆ ಏಳು ವರ್ಷದ ಮಗನಿಗೆ ಫ್ಲೋರೈಡ್ ಇಲ್ಲದ ಪೇಸ್ಟ್ ಕೊಡುತ್ತಿದ್ದೇನೆ. ಅವನ ಎರಡು ದವಡೆ ಹಲ್ಲುಗಳು ಆಗಲೇ ಹುಳುಕಾಗಿವೆ. ಹಾಲುಹಲ್ಲು ತಾನೇ, ಬಿದ್ದುಹೋಗುತ್ತವೆ ಎಂದು ಬಿಡಬಹುದೇ? ಮನೆಯವರಿಗೆ ಸಕ್ಕರೆ ಕಾಯಿಲೆ ಇದೆ, ಸಿಗರೇಟು ಸೇದುತ್ತಾರೆ. ಅವರಿಗೆ ಒಂದು ತೊಟ್ಟು ರಕ್ತವೂ ಬರುವುದಿಲ್ಲ. ‘ನನ್ನ ವಸಡು ಗಟ್ಟಿ, ನಿನ್ನದೇ ಮೆತ್ತಗೆ’ ಎಂದು ನಗುತ್ತಾರೆ. ನಾವು ಮೂವರೂ ಏನು ಮಾಡಬೇಕು?
– ಓದುಗರು, ತುಮಕೂರು

ಉತ್ತರ: ನಿಮ್ಮ ಪತ್ರದ ಒಂದು ಸಾಲಿನಲ್ಲಿ ನಾನು ನಿಂತುಬಿಟ್ಟೆ. ‘ರಕ್ತ ಬರುವ ಕಡೆ ಬ್ರಷ್ ಮುಟ್ಟಿಸುವುದನ್ನೇ ಬಿಟ್ಟಿದ್ದೇನೆ.’ ಇಪ್ಪತ್ತೆರಡು ವರ್ಷಗಳಿಂದ ವಸಡಿನ ಚಿಕಿತ್ಸೆಯನ್ನೇ ಮಾಡಿಕೊಂಡು ಬಂದಿದ್ದೇನೆ. ಈ ಮಾತನ್ನು ಕೇಳದ ವಾರವಿಲ್ಲ. ಗಾಯವಾದ ಕಡೆ ಮುಟ್ಟಬಾರದು ಎಂಬುದು ಮೈಯ ಉಳಿದೆಲ್ಲ ಭಾಗಕ್ಕೂ ಸರಿಯಾದ ಬುದ್ಧಿಯೇ. ವಸಡಿನ ವಿಷಯದಲ್ಲಿ ಮಾತ್ರ ಅದು ತಿರುಗುಮುರುಗು. ಬ್ರಷ್ ತಾಗಿದ್ದರಿಂದ ನಿಮಗೆ ರಕ್ತ ಬರುತ್ತಿಲ್ಲ. ಅಲ್ಲಿಗೆ ಬ್ರಷ್ ಸರಿಯಾಗಿ ತಾಗದೇ ಇದ್ದುದರಿಂದ ಬರುತ್ತಿದೆ. ಈಗ ನೀವು ಆ ಜಾಗವನ್ನು ಪೂರ್ತಿ ಬಿಟ್ಟಿದ್ದರಿಂದ ಕಾಯಿಲೆಗೆ ಇನ್ನಷ್ಟು ಅನುಕೂಲವಾಗಿದೆ.

ನಾಳೆ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಹಲ್ಲು ಮತ್ತು ವಸಡು ಸೇರುವ ಗೆರೆಯ ಮೇಲೆ ಉಗುರಿನಿಂದ ಮೆಲ್ಲಗೆ ಎಳೆದು ನೋಡಿ. ಹಳದಿ ಮಿಶ್ರಿತ ಬಿಳಿಯ, ಗಂಜಿಯ ಕೆನೆಯಂಥ ಲೋಳೆ ಉಗುರಿಗೆ ಅಂಟುತ್ತದೆ. ಅದು ರಾತ್ರಿ ತಿಂದ ಅನ್ನವಲ್ಲ. ಅದು ಬ್ಯಾಕ್ಟೀರಿಯಾಗಳ ಪದರ. ನಾವು ಪ್ಲಾಕ್ ಎನ್ನುತ್ತೇವೆ, ಜನ ಪಾಚಿ ಎನ್ನುತ್ತಾರೆ. ಕೆರೆಯ ಕಲ್ಲಿನ ಮೇಲಿನ ಪಾಚಿಯ ಹಾಗೆಯೇ ಇದು ಬರೀ ನೀರು ಮುಕ್ಕಳಿಸಿದರೆ ಹೋಗುವುದಿಲ್ಲ, ತಿಕ್ಕಿ ತೆಗೆಯಬೇಕು. ತೆಗೆದ ಕೆಲವೇ ಗಂಟೆಗಳಲ್ಲಿ ಮತ್ತೆ ಕೂರಲು ಶುರುಮಾಡುತ್ತದೆ. ದಿನಗಟ್ಟಲೆ ಅಲುಗಾಡಿಸದೆ ಬಿಟ್ಟರೆ ವಸಡು ಅದರ ವಿರುದ್ಧ ಕಾದಾಡಲು ಆ ಕಡೆಗೆ ಹೆಚ್ಚು ರಕ್ತ ಹರಿಸುತ್ತದೆ. ವಸಡು ಊದುತ್ತದೆ, ಕೆಂಪಾಗುತ್ತದೆ, ಒಳಮೈಯ ಚರ್ಮ ತೆಳುವಾಗುತ್ತದೆ. ಆಮೇಲೆ ಬ್ರಷ್ ಸೋಕಿದರೂ ಸಾಕು, ರಕ್ತ.

1965ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹರಾಲ್ಡ್ ಲೋ ಮತ್ತು ಅವರ ಸಂಗಡಿಗರು ಇದನ್ನು ನೇರವಾಗಿ ಪರೀಕ್ಷಿಸಿದರು. ವಸಡು ಚೆನ್ನಾಗಿದ್ದ ಹನ್ನೆರಡು ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳೊಳಗೆ ಹನ್ನೆರಡೂ ಜನರ ವಸಡು ಊದಿಕೊಂಡಿತು. ಮತ್ತೆ ಉಜ್ಜಲು ಶುರುಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಮಾತ್ರೆಯಿಲ್ಲ, ಮುಲಾಮಿಲ್ಲ. ಪ್ರತಿ ಹೊಸ ರೋಗಿಗೂ ನಾನು ಹೇಳುವ ಕಥೆ ಇದು, ಏಕೆಂದರೆ ವೈದ್ಯರು ಕೊಡುವ ಭರವಸೆಗಿಂತ ಇದರ ತೂಕ ಹೆಚ್ಚು.

ಹಾಗಾಗಿ ಇಂದು ರಾತ್ರಿಯಿಂದಲೇ ಶುರುಮಾಡಿ. ಬ್ರಷ್ ಮೃದುವಾಗಿರಲಿ, ತಲೆ ಚಿಕ್ಕದಿರಲಿ. ಎಳೆಗಳ ತುದಿ ವಸಡಿನ ಅಂಚಿಗೆ ಓರೆಯಾಗಿ, ಅರ್ಧ ಹಲ್ಲಿನ ಮೇಲೆ ಅರ್ಧ ವಸಡಿನ ಮೇಲೆ ಕೂರುವಂತೆ ಇಟ್ಟು, ಇದ್ದಲ್ಲೇ ಸಣ್ಣಗೆ ನಡುಗಿಸಬೇಕು. ಒಂದೊಂದು ಕಡೆ ಎರಡು ಮೂರು ಹಲ್ಲು, ಹತ್ತು ಸಲ, ಮುಂದಕ್ಕೆ. ಕೊಟ್ಟಿಗೆಯ ನೆಲ ತಿಕ್ಕಿದ ಹಾಗೆ ಅಡ್ಡಡ್ಡ ಎಳೆದರೆ ವಸಡು ಸವೆದು ಬೇರು ಹೊರಬೀಳುತ್ತದೆ, ಪಾಚಿ ಇದ್ದಲ್ಲೇ ಇರುತ್ತದೆ. ಇಡೀ ಬಾಯಿಗೆ ಎರಡು ನಿಮಿಷ ಬೇಕು. ಗಡಿಯಾರ ನೋಡಿ ಉಜ್ಜಿದವರಿಗೆ ಮಾತ್ರ ಎರಡು ನಿಮಿಷ ಎಷ್ಟು ಉದ್ದ ಎಂದು ಗೊತ್ತು. ಮೊದಲ ಮೂರು ನಾಲ್ಕು ದಿನ ರಕ್ತ ಜಾಸ್ತಿಯೇ ಬರಬಹುದು. ಹೆದರಿ ನಿಲ್ಲಿಸಬೇಡಿ. ಎರಡು ವಾರದ ಹೊತ್ತಿಗೆ ಬಹುಪಾಲು ಕಡೆ ನಿಂತಿರುತ್ತದೆ. ಎಲ್ಲಿ ನಿಲ್ಲುವುದಿಲ್ಲವೋ ಅಲ್ಲಿ ಬ್ರಷ್‌ಗೆ ಸಾಧ್ಯವಾಗದ ಏನೋ ಇದೆ ಎಂದು ಅರ್ಥ.

ಆ ಏನೋ ಎಂಬುದು ಸಾಮಾನ್ಯವಾಗಿ ಕಲ್ಲು. ನಾಲಿಗೆಯ ತುದಿಯನ್ನು ಕೆಳಗಿನ ಮುಂಬಲ್ಲುಗಳ ಹಿಂಬದಿಗೆ ಒತ್ತಿ ನೋಡಿ. ಹಲ್ಲುಹಲ್ಲಿನ ನಡುವಿನ ಸಂದು ನಾಲಿಗೆಗೆ ತಿಳಿಯದೆ, ಉದ್ದಕ್ಕೂ ಒಂದೇ ಒರಟು ಗೋಡೆಯ ಹಾಗೆ ಸಿಕ್ಕರೆ ಅದೇ. ಜೊಲ್ಲಿನ ಗ್ರಂಥಿಗಳ ಬಾಯಿ ನಾಲಿಗೆಯ ಕೆಳಗೆ ತೆರೆದುಕೊಳ್ಳುವುದರಿಂದ ಅಲ್ಲಿ ಮೊದಲು ಕಟ್ಟುತ್ತದೆ. ಜೊಲ್ಲಿನಲ್ಲಿರುವ ಸುಣ್ಣದ ಅಂಶ ಹಳೆಯ ಪಾಚಿಯೊಳಗೆ ಇಳಿದು ಗಟ್ಟಿಯಾಗುವುದೇ ಈ ಕಲ್ಲು. ಬೋರ್‌ವೆಲ್ ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಗಾರೆ ಕಟ್ಟುವುದನ್ನು ನೋಡಿದ್ದೀರಲ್ಲ, ಅದೇ ಜಾತಿಯದು. ಪಾಚಿಯನ್ನು ಒಂದೆರಡು ವಾರ ಬಿಟ್ಟರೆ ಸಾಕು, ಕಲ್ಲಾಗುತ್ತದೆ. ಕಲ್ಲಾದ ಮೇಲೆ ಯಾವ ಪೇಸ್ಟಿಗೂ ಯಾವ ಪುಡಿಗೂ ಜಗ್ಗುವುದಿಲ್ಲ. ಅದರ ಒರಟು ಮೈಮೇಲೆ ಹೊಸ ಪಾಚಿ ಇನ್ನೂ ಸಲೀಸಾಗಿ ಕೂರುತ್ತದೆ.

ಈಗ ನಿಮ್ಮ ಅತ್ತೆಯವರ ವಿಷಯ. ಕೆಲವು ವರ್ಷಗಳ ಹಿಂದೆ ಒಬ್ಬ ನಿವೃತ್ತ ಮೇಷ್ಟರು ಕಾಗದದ ಪೊಟ್ಟಣ ಹಿಡಿದು ಬಂದರು. ‘ನೋಡಿ ಡಾಕ್ಟ್ರೇ, ಕಡಲೆ ಅಗಿಯುವಾಗ ಹಲ್ಲೇ ಮುರಿದು ಬಂತು, ಮತ್ತೆ ಅಂಟಿಸಲು ಆಗುತ್ತದೆಯೇ?’ ಪೊಟ್ಟಣ ಬಿಚ್ಚಿದೆ. ಕಂದು ಬಣ್ಣದ, ಹುಣಸೆ ಬೀಜದ ಅರ್ಧದಷ್ಟಿರುವ ತುಂಡು. ಒಂದು ಬದಿ ಒರಟು, ಇನ್ನೊಂದು ಬದಿಯಲ್ಲಿ ಎರಡು ಹಲ್ಲುಗಳ ಅಚ್ಚು ನುಣ್ಣಗೆ ಬಿದ್ದಿತ್ತು. ಹಲ್ಲು ಬಾಯಲ್ಲೇ ಇತ್ತು. ಅವರು ಜೋಪಾನವಾಗಿ ಕಟ್ಟಿ ತಂದದ್ದು ಹದಿನೈದು ವರ್ಷದ ಕಲ್ಲು. ಅದು ಬಿದ್ದ ಕ್ಷಣದಿಂದ ಆ ಎರಡು ಹಲ್ಲುಗಳು ಅಲುಗಾಡುತ್ತಿದ್ದವು. ಯಾವ ವೈದ್ಯರೂ ಮುಟ್ಟಿರಲಿಲ್ಲ.

ಅತ್ತೆಯವರಿಗೆ ಆದದ್ದೂ ಬಹುಶಃ ಇದೇ. ಗೆದ್ದಲು ತಿಂದ ಬೇಲಿಗೂಟ ಮೈಮೇಲೆ ಹಬ್ಬಿದ ಬಳ್ಳಿಯ ಬಲದಲ್ಲಿ ನಿಂತಿರುತ್ತದೆ, ಬಳ್ಳಿ ಎಳೆದ ದಿನ ಬೀಳುತ್ತದೆ. ಗೂಟ ಕೆಟ್ಟದ್ದು ಬಳ್ಳಿ ಎಳೆದವನಿಂದಲ್ಲ. ವಸಡಿನ ಊತ ವರ್ಷಗಟ್ಟಲೆ ಮುಂದುವರಿದರೆ ಕೆಲವರಲ್ಲಿ ಅದು ಕೆಳಗಿಳಿದು ಹಲ್ಲನ್ನು ಹಿಡಿದಿರುವ ಮೂಳೆಯನ್ನು ಕರಗಿಸುತ್ತದೆ. ನೋವು ಇರುವುದಿಲ್ಲ, ಇದ್ದಿದ್ದರೆ ನಮ್ಮ ಜನ ಹತ್ತು ವರ್ಷ ಮೊದಲೇ ಬರುತ್ತಿದ್ದರು. ಮೂಳೆ ಹೋದ ಹಲ್ಲುಗಳನ್ನು ಕಲ್ಲು ಒಂದಕ್ಕೊಂದು ಗಾರೆ ಹಾಕಿದಂತೆ ಹಿಡಿದಿಟ್ಟಿರುತ್ತದೆ. ಕ್ಲೀನಿಂಗ್ ಆ ಗುಟ್ಟನ್ನು ಹೊರಗೆ ಹಾಕುತ್ತದೆ ಅಷ್ಟೆ. ಅವರು ಹತ್ತು ವರ್ಷ ಮೊದಲು ಮಾಡಿಸಿಕೊಂಡಿದ್ದರೆ ಆ ನಾಲ್ಕು ಹಲ್ಲುಗಳಲ್ಲಿ ಕೆಲವಾದರೂ ಉಳಿಯುತ್ತಿದ್ದವೇನೋ. ಇದನ್ನು ಅವರಿಗೆ ಹೇಳಲು ಹೋಗಬೇಡಿ, ಮನೆಯಲ್ಲಿ ನೆಮ್ಮದಿಯಿರಲಿ. ನೀವು ಮಾತ್ರ ತಡಮಾಡಬೇಡಿ.

ಕ್ಲೀನಿಂಗ್ ಯಂತ್ರದ ತುದಿ ಹಲ್ಲನ್ನು ಕೆರೆದು ತೆಳ್ಳಗೆ ಮಾಡುವುದಿಲ್ಲ. ಅತಿ ವೇಗವಾಗಿ ನಡುಗುತ್ತಾ ನೀರಿನೊಂದಿಗೆ ಕಲ್ಲನ್ನು ಒಡೆದು ಬಿಡಿಸುತ್ತದೆ. ಮುಗಿದ ಮೇಲೆ ಹಲ್ಲುಗಳ ನಡುವೆ ಸಂದು ಬಂದ ಹಾಗೆ ಕಾಣುತ್ತದೆ, ಏಕೆಂದರೆ ಅಲ್ಲಿ ತುಂಬಿಕೊಂಡಿದ್ದ ಕಲ್ಲು ಹೋಗಿದೆ, ಊದಿದ್ದ ವಸಡು ಇಳಿದಿದೆ. ಕೆಲವು ದಿನ ತಣ್ಣೀರಿಗೆ ಜುಮ್ಮೆನ್ನುತ್ತದೆ. ಇವೆರಡನ್ನೂ ವೈದ್ಯರು ಮೊದಲೇ ಹೇಳಿದರೆ ಅರ್ಧ ಅಪವಾದ ತಪ್ಪುತ್ತದೆ. ನಮ್ಮವರು ಹೇಳುವುದಿಲ್ಲ, ಅದು ನಮ್ಮ ತಪ್ಪು. ನೀವು ಹೋದಾಗ ಒಂದು ಪ್ರಶ್ನೆ ಕೇಳಿ: ‘ನನ್ನ ವಸಡಿನ ಆಳ ಅಳೆದಿರಾ?’ ಮಿಲಿಮೀಟರ್ ಗುರುತುಗಳಿರುವ ಮೊಂಡು ಕಡ್ಡಿಯೊಂದನ್ನು ಹಲ್ಲು ಮತ್ತು ವಸಡಿನ ನಡುವೆ ಇಳಿಸಿ ಅಳೆಯುತ್ತೇವೆ. 3 ಮಿಲಿಮೀಟರ್‌ವರೆಗೆ ಸರಿ. 4 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಚೀಲವಾಗಿದೆ. ಅಷ್ಟು ಆಳಕ್ಕೆ ನಿಮ್ಮ ಬ್ರಷ್ ಇಳಿಯುವುದಿಲ್ಲ. ಅಂಥ ಕಡೆ ಬೇರಿನವರೆಗೂ ಸ್ವಚ್ಛ ಮಾಡುವ ಚಿಕಿತ್ಸೆ ಬೇಕಾಗುತ್ತದೆ, ಒಂದೇ ದಿನದಲ್ಲಿ ಮುಗಿಯುವುದಿಲ್ಲ. ಹೋದ ಮೂಳೆಯನ್ನು ಬಹುಮಟ್ಟಿಗೆ ಮರಳಿ ತರಲಾಗದು, ಇರುವುದನ್ನು ಉಳಿಸಿಕೊಳ್ಳಬಹುದು.

ಹಲ್ಲುಗಳ ಸಂದಿಗೆ ಬ್ರಷ್ ಹೋಗುವುದಿಲ್ಲ. ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂತಿರುವ ಸಂದಿನ ಬ್ರಷ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ನಲವತ್ತು ದಾಟಿ ಸಂದು ಬಿಟ್ಟವರಿಗೆ ಸಂದಿಯಲ್ಲಿ ಎಳೆಯುವ ದಾರಕ್ಕಿಂತ (ಫ್ಲಾಸ್) ಇದು ಒಳ್ಳೆಯದು. ರಾತ್ರಿ ಒಮ್ಮೆ ಸಾಕು. ಸೇಫ್ಟಿ ಪಿನ್, ಬಳೆಯ ಪಿನ್ನು, ಬೆಂಕಿಕಡ್ಡಿ ಇವುಗಳನ್ನು ಆಯಾ ಕೆಲಸಕ್ಕೆ ಬಿಡಿ. ಬೆರಳಿನಲ್ಲಿ ಉಪ್ಪು ತಿಕ್ಕುವುದನ್ನೂ ನಿಲ್ಲಿಸಿ; ಹರಳುಪ್ಪು ಉರಿಯುವ ವಸಡನ್ನು ಗೀಚುತ್ತದೆ, ಬೆರಳು ಸಂದಿಗೆ ಇಳಿಯುವುದಿಲ್ಲ. ಬೆಚ್ಚಗಿನ ಉಪ್ಪುನೀರು ಮುಕ್ಕಳಿಸಿದರೆ ಹಿತವೆನಿಸುತ್ತದೆ, ಮುಕ್ಕಳಿಸಿ, ಆದರೆ ಅದನ್ನೇ ಚಿಕಿತ್ಸೆ ಎಂದುಕೊಳ್ಳಬೇಡಿ. ಇದ್ದಿಲ ಪುಡಿ, ಇಟ್ಟಿಗೆ ಪುಡಿ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಅನ್ನು ಸವೆಸುತ್ತವೆ. ಬೇವಿನ ಕಡ್ಡಿಯ ತುದಿಯನ್ನು ಎಳೆ ಎಳೆಯಾಗಿ ಅಗಿದು ಉಜ್ಜುವುದು ಕೆಟ್ಟದ್ದಲ್ಲ, ಆದರೆ ಹಿಂದಿನ ದವಡೆಯ ಒಳಬದಿಗೆ ಅದನ್ನು ತಿರುಗಿಸಿದವರನ್ನು ನಾನು ಇನ್ನೂ ನೋಡಬೇಕಿದೆ. ಎಳ್ಳೆಣ್ಣೆ ಮುಕ್ಕಳಿಸುವುದು ನಿಮ್ಮ ಇಷ್ಟ. ಬ್ರಷ್ಷಿನ ಬದಲಿಗೆ ಬೇಡ.

ಮಗನದು ಬೇರೆ ಕಾಯಿಲೆ. ಪಾಚಿ ಅದೇ, ಕೆಲಸ ಬೇರೆ. ಪಾಚಿಯಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಹಲ್ಲಿನ ಮೇಲ್ಮೈಯ ಪಿಎಚ್ (ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್‌ನ ಖನಿಜ ಕರಗಲು ಶುರುವಾಗುತ್ತದೆ. ಜೊಲ್ಲು ಆ ಆಮ್ಲವನ್ನು ತಣಿಸಿ, ಹೋದ ಖನಿಜವನ್ನು ಸ್ವಲ್ಪ ಸ್ವಲ್ಪವಾಗಿ ಮರಳಿ ತುಂಬುತ್ತದೆ. ಅದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಹಾಗಾಗಿ ಎಷ್ಟು ಸಿಹಿ ತಿಂದ ಎನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದ ಎನ್ನುವುದು ಮುಖ್ಯ. ಇದು ತಿಳಿದದ್ದು ಸ್ವೀಡನ್ನಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ, 1940ರ ದಶಕದಲ್ಲಿ, ಬುದ್ಧಿಮಾಂದ್ಯರಾದ ನಿವಾಸಿಗಳಿಗೆ ಅವರ ಒಪ್ಪಿಗೆಯಿಲ್ಲದೆ ಟಾಫಿ ತಿನ್ನಿಸಿ ನಡೆಸಿದ ಪ್ರಯೋಗದಿಂದ. ಊಟದ ಜೊತೆ ಸಕ್ಕರೆ ತಿಂದವರಿಗಿಂತ ಊಟಗಳ ನಡುನಡುವೆ ಅಂಟುವ ಟಾಫಿ ತಿಂದವರ ಹಲ್ಲುಗಳು ವಿಪರೀತ ಕೆಟ್ಟವು. ಈ ಫಲಿತಾಂಶವನ್ನು ಬಳಸುವಾಗಲೆಲ್ಲ ನನಗೆ ಮುಜುಗರವಾಗುತ್ತದೆ. ಆದರೂ ಬಳಸದೆ ಇರಲಾರೆ.

ಒಂದು ದಿನ ಮಗನ ಸಿಹಿಯ ಲೆಕ್ಕ ಬರೆದಿಡಿ. ಬೆಳಿಗ್ಗೆ ಸಕ್ಕರೆ ಹಾಕಿದ ಹಾಲು, ಶಾಲೆಯಲ್ಲಿ ಕ್ರೀಮ್ ಬಿಸ್ಕತ್ತು, ಬಂದ ಮೇಲೆ ಚಿಕ್ಕಿ, ಅಂಗಡಿಯಿಂದ ಜ್ಯೂಸಿನ ಡಬ್ಬಿ, ಓದುತ್ತಾ ಇನ್ನೆರಡು ಬಿಸ್ಕತ್ತು, ಮಲಗುವಾಗ ಮತ್ತೆ ಹಾಲು. ಪ್ರತಿ ಸಲವೂ ಹೊಸ ಆಮ್ಲ. ಬೆಲ್ಲ ಒಳ್ಳೆಯದಲ್ಲವೇ ಎಂದು ಕೇಳುತ್ತೀರಿ. ಬ್ಯಾಕ್ಟೀರಿಯಾಗೆ ಬೆಲ್ಲಕ್ಕೂ ಸಕ್ಕರೆಗೂ ಜೇನಿಗೂ ಭೇದವಿಲ್ಲ. ಹಬ್ಬದ ದಿನ ಊಟದ ಜೊತೆ ಎರಡು ಹೋಳಿಗೆ ತಿನ್ನಲಿ, ನನ್ನ ತಕರಾರಿಲ್ಲ. ಆರು ಸಲವನ್ನು ಮೂರಕ್ಕೆ ಇಳಿಸಿ. ನಡುವೆ ಹಸಿವಾದರೆ ಹುರಿಗಡಲೆ, ಕಡಲೆಕಾಯಿ, ಸೌತೆಕಾಯಿ ಕೊಡಿ. ರಾತ್ರಿ ಉಜ್ಜಿದ ಮೇಲೆ ನೀರು ಬಿಟ್ಟು ಏನೂ ಬೇಡ, ನಿದ್ದೆಯಲ್ಲಿ ಜೊಲ್ಲು ತೀರಾ ಕಡಿಮೆಯಾಗುತ್ತದೆ.

ಹಾಲುಹಲ್ಲು ತಾನೇ ಎಂದು ಕೇಳಿದ್ದೀರಿ. ಮೊದಲು ಅದು ಹಾಲುಹಲ್ಲು ಹೌದೋ ಅಲ್ಲವೋ ನೋಡಿ. ಮಗನನ್ನು ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂರಿಸಿ, ಚಮಚದ ಹಿಡಿಯಿಂದ ಕೆನ್ನೆ ಸರಿಸಿ, ಮುಂದಿನ ನಡುಗೆರೆಯಿಂದ ಹಿಂದಕ್ಕೆ ಎಣಿಸಿ. ನಾಲ್ಕು ಮತ್ತು ಐದನೆಯವು ಹಾಲು ದವಡೆ ಹಲ್ಲುಗಳು. ಆರನೆಯದು ಇದ್ದರೆ ಅದು ಶಾಶ್ವತ ಹಲ್ಲು. ಆರು ವರ್ಷದ ಆಸುಪಾಸಿನಲ್ಲಿ, ಯಾವ ಹಲ್ಲೂ ಬೀಳದೆ, ಎಲ್ಲಕ್ಕಿಂತ ಹಿಂದೆ ಸದ್ದಿಲ್ಲದೆ ಅದು ಬರುತ್ತದೆ. ಏನೂ ಬೀಳಲಿಲ್ಲವಲ್ಲ ಎಂದು ಮನೆಯವರು ಅದನ್ನೂ ಹಾಲುಹಲ್ಲಿನ ಲೆಕ್ಕಕ್ಕೆ ಸೇರಿಸುತ್ತಾರೆ. ಹನ್ನೆರಡರ ಹುಡುಗರಿಗೆ ನಾನು ಕೀಳಬೇಕಾಗಿ ಬಂದ ಶಾಶ್ವತ ಹಲ್ಲುಗಳಲ್ಲಿ ಹೆಚ್ಚಿನವು ಈ ಆರನೆಯವೇ. ಅದು ಇನ್ನೂ ಚೆನ್ನಾಗಿದ್ದರೆ, ಮೇಲಿನ ಆಳವಾದ ಗೀರುಗಳನ್ನು ಮುಚ್ಚುವ ಸೀಲಂಟ್ ಎಂಬ ಲೇಪ ಹಾಕಿಸಿ. ಸೂಜಿಯಿಲ್ಲ, ಕೊರೆಯುವುದಿಲ್ಲ.

ಇನ್ನು ನಾಲ್ಕು, ಐದನೆಯವು ಹುಳುಕಾಗಿದ್ದರೂ ಬಿಡುವಂತಿಲ್ಲ. ಅವು ಹತ್ತು ಹನ್ನೆರಡು ವರ್ಷದವರೆಗೆ ಇರಬೇಕಾದವು, ಕೆಳಗೆ ಬರುವ ಹಲ್ಲಿಗೆ ಜಾಗ ಕಾಯುವವು. ಬೇಗ ಹೋದರೆ ಹಿಂದಿನ ಹಲ್ಲು ಮುಂದಕ್ಕೆ ಜಾರಿ, ಹೊಸ ಹಲ್ಲು ಸೊಟ್ಟಗೆ ಹುಟ್ಟುತ್ತದೆ. ಕೀವು ಕಟ್ಟಿದರೆ ಮಗು ಊಟ, ನಿದ್ದೆ ಎರಡನ್ನೂ ಬಿಡುತ್ತದೆ. ಮತ್ತೆ ಒಂದು ಮಾತು: ಏಳು ವರ್ಷದ ಮಗು ತಾನೇ ಚೆನ್ನಾಗಿ ಉಜ್ಜಿಕೊಳ್ಳುತ್ತದೆ ಎಂದು ನಂಬಬೇಡಿ. ಬೂಟಿನ ದಾರ ನೆಟ್ಟಗೆ ಕಟ್ಟಲಾರದ ಕೈಗೆ ದವಡೆಯ ಮೂಲೆ ಸಿಗುವುದಿಲ್ಲ. ರಾತ್ರಿಯ ಹೊತ್ತು ಅವನ ಹಿಂದೆ ನಿಂತು, ತಲೆಯನ್ನು ನಿಮಗೆ ಒರಗಿಸಿಕೊಂಡು ನೀವೇ ಉಜ್ಜಿ.

ಯಾವ ಪೇಸ್ಟಿನಲ್ಲಿ ಎಂದರೆ, ಫ್ಲೋರೈಡ್ ಇರುವುದರಲ್ಲಿ. ಪಾವಗಡದ ಮಗಳಿಗೆ ಈ ಮಾತು ಹೇಳುವಾಗ ಕಾರಣ ಕೊಡಲೇಬೇಕು. ನಿಮ್ಮ ತಾಯಿಯ ಹಲ್ಲಿನ ಕಂದು ಪಟ್ಟೆಯಂಥದ್ದೇ ಪಟ್ಟೆಗಳನ್ನು ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ 1901ರಲ್ಲಿ ಫ್ರೆಡರಿಕ್ ಮೆಕೆ ಎಂಬ ದಂತವೈದ್ಯರು ಕಂಡರು. ಕಾರಣ ನೀರಿನ ಫ್ಲೋರೈಡ್ ಎಂದು ಗೊತ್ತಾಗಲು 1931ರವರೆಗೆ ಕಾಯಬೇಕಾಯಿತು. ಆದರೆ ಆ ಪಟ್ಟೆಯ ಹಲ್ಲುಗಳು ಹುಳುಕಾಗುವುದು ಕಡಿಮೆ ಎಂಬುದನ್ನು ಮೆಕೆ ಮೊದಲೇ ಗಮನಿಸಿದ್ದರು. ಇಂದಿನ ಫ್ಲೋರೈಡ್ ಪೇಸ್ಟಿನ ಮೂಲ ಅಲ್ಲಿದೆ: ಹೆಚ್ಚಾದರೆ ಕೆಡಿಸುವ ವಸ್ತು, ಹದವಾಗಿದ್ದರೆ ಕಾಯುತ್ತದೆ.

ತಾಯಿಯ ಹಲ್ಲು ಕೆಟ್ಟದ್ದು ಫ್ಲೋರೈಡ್ ಹೆಚ್ಚಿದ್ದ ನೀರನ್ನು ಬಾಲ್ಯದಲ್ಲಿ, ಹಲ್ಲು ಇನ್ನೂ ದವಡೆಯೊಳಗೆ ರೂಪುಗೊಳ್ಳುತ್ತಿದ್ದಾಗ, ದಿನವೂ ಕುಡಿದದ್ದರಿಂದ. ಪೇಸ್ಟಿನ ಫ್ಲೋರೈಡ್ ಕೆಲಸ ಮಾಡುವುದು ಹುಟ್ಟಿರುವ ಹಲ್ಲಿನ ಮೇಲ್ಮೈಯಲ್ಲಿ, ಹೊರಗಿನಿಂದ. ಲೆಕ್ಕ ಹಾಕಿ ನೋಡೋಣ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಒಂದು ಕೊಳವೆಬಾವಿಯಲ್ಲಿ 3 ಮಿಲಿಗ್ರಾಂ ಇದೆ ಎಂದುಕೊಳ್ಳಿ. ದಿನಕ್ಕೆ ಒಂದು ಲೀಟರ್ ಕುಡಿದರೆ ಮಗುವಿನ ಹೊಟ್ಟೆಗೆ 3 ಮಿಲಿಗ್ರಾಂ. ಬಟಾಣಿ ಕಾಳಿನಷ್ಟು ಪೇಸ್ಟ್ ಎಂದರೆ ಸುಮಾರು ಕಾಲು ಗ್ರಾಂ. 1000 ಪಿಪಿಎಂ (ಹತ್ತು ಲಕ್ಷ ಭಾಗ ಪೇಸ್ಟಿನಲ್ಲಿ 1000 ಭಾಗ ಫ್ಲೋರೈಡ್) ಪೇಸ್ಟಾದರೆ ಅದರಲ್ಲಿರುವುದು ಕಾಲು ಮಿಲಿಗ್ರಾಂ. ಎರಡು ಹೊತ್ತೂ ಪೂರ್ತಿ ನುಂಗಿದರೂ ಅರ್ಧ ಮಿಲಿಗ್ರಾಂ, ನಿಮ್ಮ ಮಗ ಬಹುಪಾಲು ಉಗುಳುತ್ತಾನೆ. ಭಯಪಡಬೇಕಾದದ್ದು ಟ್ಯೂಬಿಗಲ್ಲ, ಬಿಂದಿಗೆಗೆ. ರಜೆಗೆ ಅಜ್ಜಿಯ ಮನೆಗೆ ಹೋದಾಗ ಅವನಿಗೆ ಶುದ್ಧ ನೀರಿನ ಘಟಕದ ನೀರನ್ನೇ ಕುಡಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿ ಇನ್ನೂ ಗಟ್ಟಿಯಾಗುತ್ತದೆ.

ಪೇಸ್ಟ್ ಕೊಳ್ಳುವಾಗ ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ಓದಿ. ಫ್ಲೋರೈಡ್ ಇದ್ದರೆ ಎಷ್ಟು ಪಿಪಿಎಂ ಎಂದು ಮುದ್ರಿಸಲೇಬೇಕೆಂಬ ನಿಯಮ ನಮ್ಮಲ್ಲಿದೆ, 1000 ಮೀರುವಂತಿಲ್ಲ. ಏಳು ವರ್ಷದವನಿಗೆ 1000ವೇ ಬೇಕು. ಮೂರು ವರ್ಷದೊಳಗಿನ ಕೂಸಿಗಾದರೆ ಅಕ್ಕಿಕಾಳಿನಷ್ಟು ಹಚ್ಚಿ. ಉಜ್ಜಿದ ಮೇಲೆ ನೊರೆ ಉಗುಳಿದರೆ ಸಾಕು, ಚೊಂಬುಗಟ್ಟಲೆ ನೀರು ಹಾಕಿ ಮುಕ್ಕಳಿಸಬೇಡಿ. ಹಲ್ಲಿನ ಮೇಲೆ ಉಳಿಯಬೇಕಾದದ್ದೆಲ್ಲ ತೊಳೆದುಹೋಗುತ್ತದೆ. ಬಾಯಿ ನೊರೆನೊರೆ ಎನ್ನಿಸುವುದು ಎರಡು ದಿನದ ಕಿರಿಕಿರಿ, ಆಮೇಲೆ ರೂಢಿಯಾಗುತ್ತದೆ.

ನಿಮ್ಮ ಮನೆಯವರನ್ನು ಕೊನೆಗೆ ಇಟ್ಟುಕೊಂಡೆ. ಮೂವರಲ್ಲಿ ನನಗೆ ಹೆಚ್ಚು ಚಿಂತೆ ಅವರದೇ. ನಿಕೋಟಿನ್ ವಸಡಿನ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ಒಳಗೆ ಕಾಯಿಲೆ ಇದ್ದರೂ ರಕ್ತ ಹೊರಗೆ ಕಾಣುವುದಿಲ್ಲ. ಗಟ್ಟಿ ವಸಡು ಎಂದು ಅವರು ಹೆಮ್ಮೆಪಡುತ್ತಿರುವುದು ಬಾಯಿ ಕಟ್ಟಿದ ಕಾವಲುನಾಯಿಯ ಮೌನವನ್ನು. ಅದರ ಮೇಲೆ ಸಕ್ಕರೆ ಕಾಯಿಲೆ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ವಸಡಿನ ಮೂಳೆ ಬೇಗ ಕರಗುತ್ತದೆ. ವಸಡಿನ ಉರಿಯೂತ ಜೋರಾಗಿದ್ದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ. ವಸಡಿಗೆ ಚಿಕಿತ್ಸೆಯಾದ ಮೇಲೆ ಮೂರು ತಿಂಗಳ ಸಕ್ಕರೆಯ ಸರಾಸರಿ (ಎಚ್‌ಬಿಎ1ಸಿ) ತುಸು ಇಳಿಯುವುದೂ ಉಂಟು. ನಿಮಗೆ ಕ್ಲೀನಿಂಗ್‌ಗೆ ಸಮಯ ಪಡೆಯುವಾಗ ಅವರಿಗೂ ಸೇರಿಸಿ ಪಡೆಯಿರಿ. ವಸಡಿನ ಆಳದ ಅಳತೆ ಮತ್ತು ಎಕ್ಸ್‌ರೇ ಆಗಲಿ, ಎಚ್‌ಬಿಎ1ಸಿ ವರದಿಯನ್ನು ವೈದ್ಯರಿಗೆ ತೋರಿಸಲಿ.

ಸಿಗರೇಟು ಬಿಡುವಂತೆ ಅವರಿಗೆ ಬೇರೆಯವರು ಸಾಕಷ್ಟು ಹೇಳಿರುತ್ತಾರೆ, ನಾನು ಇನ್ನೊಂದು ಭಾಷಣ ಮಾಡುವುದಿಲ್ಲ. ಒಂದು ವಿಷಯವನ್ನು ಮಾತ್ರ ಮೊದಲೇ ತಿಳಿಸಿಡಿ. ಅವರು ಬಿಟ್ಟರೆ, ಬಿಟ್ಟ ಕೆಲವೇ ವಾರಗಳಲ್ಲಿ ಅವರ ವಸಡಿನಿಂದಲೂ ರಕ್ತ ಕಾಣಿಸಿಕೊಳ್ಳಬಹುದು. ‘ಸೇದುವಾಗ ಚೆನ್ನಾಗಿತ್ತು, ಬಿಟ್ಟ ಮೇಲೆ ಕೆಟ್ಟಿತು’ ಎಂದು ಗಾಬರಿಯಾಗಿ ಮತ್ತೆ ಹಚ್ಚಿದವರನ್ನು ನೋಡಿದ್ದೇನೆ. ಬಿಗಿದಿದ್ದ ರಕ್ತನಾಳಗಳು ಸಡಿಲಗೊಂಡು ವಸಡಿಗೆ ರಕ್ತ ಮರಳಿ ಹರಿಯುತ್ತಿರುವುದರ ಗುರುತು ಅದು. ಆಗ ಅವರೂ ಆ ಜಾಗವನ್ನೇ ಉಜ್ಜಲಿ.